ಯಾರೂ ಒತ್ತದಿದ್ದರೆ

“ಅಜ್ಜಾರ, ಇಬ್ಬರಿಗೂ ನೋವಾಗಬಾರದು ಅಂತ ಯಾರಿಗೂ ಏನೂ ಹೇಳದ ಸುಮ್ಮನಿದ್ರ ತಪ್ಪೇನ್ರೀ?”

ಮಠದ ಶಿಷ್ಯ ಮುರಿಗೆಪ್ಪ ಗುರುಗಳನ್ನು ಹೀಗೆ ಕೇಳಿದ. ಊರಿನ ಎಣ್ಣೆಗಾಣ ನೋಡಿಕೊಳ್ಳಲು ಬಾ ಎಂದು ಅವನ ಅಣ್ಣ ಕರೆಯಲು ಬಂದಿದ್ದ. ಉತ್ತರಕ್ಕೆ ಕಾಯುತ್ತ ಆ ಅಣ್ಣ ನಿನ್ನೆಯಿಂದ ಮಠದ ಕಟ್ಟೆಯ ಮೇಲೆ ಕುಳಿತಿದ್ದ. ಮಠದ ಶಾಲೆ ನಡೆಸು ಎಂದು ಗುರುಗಳು ಹೇಳಿದ್ದರು. ಮುರಿಗೆಪ್ಪನಿಗೆ ಇಬ್ಬರೂ ಬೇಕು. ಹೂಂ ಎನ್ನದೆ, ಊಹೂಂ ಎನ್ನದೆ ಹೊತ್ತು ತಳ್ಳುತ್ತಿದ್ದ. ಅದರಲ್ಲಿ ಅವನಿಗೆ ಒಂದು ಬಗೆಯ ನೆಮ್ಮದಿಯೂ ಇತ್ತು.

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಮನೆಯಲ್ಲಿ ಇಬ್ಬರು ಸೊಸೆಯಂದಿರು, ಒಂದೇ ಕಂಪ್ಯೂಟರ್. ಹಿರಿಯವಳು ಅದರಲ್ಲಿ ಕಸೂತಿಯ ಚಿತ್ರ ಬರೆಯುತ್ತಿದ್ದಳು. ಕಿರಿಯವಳ ಕೆಲಸಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಬೇಕಾಯಿತು. ಹಿರಿಯವಳು ಬಳಸುವ ಹಳೆಯದನ್ನು ಅಳಿಸಲು ಮನಸ್ಸು ಬರಲಿಲ್ಲ. ಜಾಣೆ, ಒಂದೇ ಡಿಸ್ಕಿನಲ್ಲಿ ಎರಡಕ್ಕೂ ಜಾಗ ಮಾಡಿದಳು. ಕಂಪ್ಯೂಟರ್ ಹಚ್ಚಿದೊಡನೆ ಎರಡರ ಹೆಸರೂ ಪರದೆಯ ಮೇಲೆ ಬರುವಂತೆ, ಸಿಸ್ಟಂ ತೆರೆದುಕೊಡುವ ಬೂಟ್‌ಲೋಡರ್‌ನಲ್ಲಿ ಬರೆದಳು. ಬೇಕಾದ್ದನ್ನು ಆರಿಸಿ ಗುಂಡಿ ಒತ್ತಿದರೆ ಅದು ತೆರೆಯುತ್ತಿತ್ತು. ಕೊನೆಗೆ ಒಂದು ಮಾತು ಉಳಿಯಿತು: ಯಾರೂ ಒತ್ತದಿದ್ದರೆ ತಾನಾಗಿ ಯಾವುದು ತೆರೆಯಬೇಕು?

“ನಿಮ್ದ ಇರ್ಲಿ ಅಕ್ಕಾರ. ಈ ಮನಿಗೆ ಮೊದಲ ಬಂದವ್ರು ನೀವು.”

“ಛೇ, ಕಷ್ಟಪಟ್ಟು ಮಾಡಿದಾಕಿ ನೀನು. ನಿಂದ ಇರ್ಲಿ.”

ಊಟದ ಹೊತ್ತಾದರೂ ಈ ಉಪಚಾರ ಮುಗಿಯಲಿಲ್ಲ. ಕಡೆಗೆ ಕಿರಿಯವಳು ಯಾವುದನ್ನೂ ಮುಂದೆ ಮಾಡದೆ, ಯಾರಾದರೂ ಒತ್ತುವತನಕ ಕಾಯಲಿ ಎಂದು ಬರೆದಿಟ್ಟಳು. ಓರಗಿತ್ತಿಯರೆಂದರೆ ಹೀಗಿರಬೇಕು ಎಂದು ಓಣಿಯೆಲ್ಲ ಹೊಗಳಿತು.

ಆ ಮನೆಯ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಗಿನ ಜಾವ ತಡವುತ್ತ ಬಂದು ಕಂಪ್ಯೂಟರ್ ಹಚ್ಚುತ್ತಿದ್ದಳು. ಹಳೆಯ ಸಿಸ್ಟಂ ತೆರೆದೊಡನೆ, ತೀರಿಹೋದ ಗಂಡ ಹಾಡಿದ ತತ್ವಪದ ತಾನಾಗಿ ಶುರುವಾಗುತ್ತಿತ್ತು. ಅದನ್ನು ಕೇಳಿದ ಮೇಲೆಯೇ ಅವಳಿಗೆ ಬೆಳಗಾಗುತ್ತಿತ್ತು. ಈಗ ಹಚ್ಚಿದರೆ ಸದ್ದೇ ಇಲ್ಲ. ಪರದೆಯ ಮೇಲೆ ಎರಡು ಹೆಸರು. ಅದರೆದುರು ಕೈಕಟ್ಟಿ ಕುಳಿತ ಮುದುಕಿ. ಎಷ್ಟೋ ಬೆಳಗು ಹೀಗೇ ಹೋದವು.

ಒಂದು ದಿನ ಹಿರಿಯವಳು ಬೇಗ ಎದ್ದು ಇದನ್ನು ಕಂಡಳು.

“ಅತ್ತೀ, ಯಾಕ ಹೇಳ್ಲಿಲ್ರೀ?”

“ಒಬ್ಬರ ಮನಸ್ಸು ಒಬ್ಬರು ನೋಯಿಸದಂಗ ಮಾಡೀರಿ. ನಡುವ ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ.”

ಹಿರಿಯವಳು ಕರೆದು ಹೇಳಿದೊಡನೆ ಕಿರಿಯವಳು ಆಗಿಂದಾಗಲೇ ಕುಳಿತು ತಿದ್ದಿದಳು. ಹತ್ತು ಎಣಿಸುವಷ್ಟು ಕಾಯಬೇಕು; ಯಾರೂ ಒತ್ತದಿದ್ದರೆ ಹಳೆಯದು ತೆರೆಯಬೇಕು. ಹೊಸದು ಎಲ್ಲಿಗೂ ಹೋಗಲಿಲ್ಲ. ಅವಳಿಗೆ ಒಂದು ಗುಂಡಿ ಒತ್ತುವ ಕೆಲಸ ಬಿತ್ತು, ಅಷ್ಟೇ. ಮರುದಿನ ಮಾವನ ದನಿಗೆ ಮನೆಮಂದಿಯೆಲ್ಲ ಎದ್ದರು. ಮುದುಕಿ ಗಂಡನ ಜತೆ ತಾನೂ ಹಾಡಿದಳು.

ಮುರಿಗೆಪ್ಪನ ಮುಖ ಅರಳಿತು. ಕತೆ ಅವನಿಗೆ ಬಹಳ ಹಿಡಿಸಿತು.

“ಹಂಗಾದ್ರ ನಾ ಯಾವುದನ್ನ ಆರಿಸ್ಲಿ, ಅಜ್ಜಾರ?”

“ಯಾವುದನ್ನಾದ್ರೂ ಆರಿಸು, ಕಟ್ಟಿ ಮ್ಯಾಲ ಕುಂತ ನಿಮ್ಮಣ್ಣಗ ಇನ್ನೂ ಬೆಳಗಾಗಿಲ್ಲ.”