ಪುನುಗುಬೆಕ್ಕಿನ ನಿಯಮಗಳು

ಕಾಡು ಒಂದು. ಅದರ ನಡುವೆ ಬಂಡೆ ಒಂದು. ಬಂಡೆಯ ಬುಡದಲ್ಲಿ ಬಿಲಗಳು ಮೂರು. ನೆತ್ತಿಯಲ್ಲಿ ಬಿಲ ಒಂದು. ಮಳೆಗಾಲದಲ್ಲಿ ಬುಡದ ಮೂರು ಬಿಲಗಳಿಗೂ ನೀರು ನುಗ್ಗುತ್ತಿತ್ತು. ನೆತ್ತಿಯ ಬಿಲಕ್ಕೆ ನುಗ್ಗುತ್ತಿರಲಿಲ್ಲ.

ಬಂಡೆಯಲ್ಲಿ ವಾಸವಿದ್ದವರು ನಾಲ್ವರು: ಪುನುಗುಬೆಕ್ಕು, ಮುಳ್ಳುಹಂದಿ, ಚಿಪ್ಪುಹಂದಿ, ಮುದಿ ಉಡ. ಪ್ರತಿ ವರ್ಷ ಮುಂಗಾರಿಗೆ ಮೊದಲು ಅವು ಒಂದು ದಿನ ಚೌಕಾಬಾರ ಆಡುತ್ತಿದ್ದವು. ಗೆದ್ದವರಿಗೆ ಆ ಮಳೆಗಾಲದ ಮಟ್ಟಿಗೆ ನೆತ್ತಿಯ ಬಿಲ. ಹಿಂದಿನ ಮೂರು ವರ್ಷವೂ ಗೆದ್ದದ್ದು ಪುನುಗುಬೆಕ್ಕು. ಅದಕ್ಕೆ ಮರ ಹತ್ತಲು ಬರುತ್ತಿತ್ತು. ಮುಳ್ಳುಹಂದಿಗೆ ಬರುತ್ತಿರಲಿಲ್ಲ. ಹಿಂದಿನ ಮಳೆಯಲ್ಲಿ ಮುಳ್ಳುಹಂದಿಯ ಒಂದೇ ಮರಿ ಬಿಲದೊಳಗೆ ಮುಳುಗಿ ಸತ್ತಿತು. ಈ ವರ್ಷ ಅದಕ್ಕೆ ಎರಡು ಮರಿಗಳಿದ್ದವು. ಅವುಗಳ ಮುಳ್ಳು ಇನ್ನೂ ಗಟ್ಟಿಯಾಗಿರಲಿಲ್ಲ.

ಇವಿಷ್ಟು ಸಂಗತಿಗಳು. ಇವುಗಳಲ್ಲಿ ಯಾವುದನ್ನೂ ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಪುನುಗುಬೆಕ್ಕು ಗೆಲ್ಲುತ್ತಿದ್ದ ಬಗೆ ಸರಳವಾಗಿತ್ತು. ಆಟದ ನಿಯಮಗಳು ಅದರ ತಲೆಯಲ್ಲಿ ಮಾತ್ರ ಇದ್ದವು. ಮುಳ್ಳುಹಂದಿಯೂ ಚಿಪ್ಪುಹಂದಿಯೂ ಅದನ್ನು ಮಾವ ಎನ್ನುತ್ತಿದ್ದವು. ಮನೆಮಂದಿಯ ಆಟದಲ್ಲಿ ಹಿರಿಯರನ್ನು 'ಈ ನಿಯಮ ಎಲ್ಲಿಂದ ಬಂತು' ಎಂದು ಕೇಳುವುದು ಆ ಬಂಡೆಯಲ್ಲಿ ಅಗೌರವವೆನಿಸಿಕೊಂಡಿತ್ತು. ಆದ್ದರಿಂದ ಯಾರೂ ಕೇಳಲಿಲ್ಲ. ಕೇಳದ ಕಾರಣ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದ್ದವು. ಕೆಲವೊಮ್ಮೆ ಒಂದೇ ಮಧ್ಯಾಹ್ನದಲ್ಲಿ ಎರಡು ಬಾರಿ ಬದಲಾಗುತ್ತಿದ್ದವು.

ಆ ವರ್ಷವೂ ಆಟದ ದಿನ ಬಂದಿತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಬಂಡೆಯ ಮೇಲೆ ಇಪ್ಪತ್ತೈದು ಮನೆಗಳ ಪಟ ಬರೆದಾಗಿತ್ತು. ಒಂದು ಬದಿ ತೇಯ್ದು ಬಿಳುಪು ಮಾಡಿದ ನಾಲ್ಕು ಹುಣಸೆಬೀಜಗಳು ಸಿದ್ಧವಿದ್ದವು. ಎಷ್ಟು ಬೀಜಗಳು ಬಿಳಿಯಾಗಿ ಬೀಳುವವೋ ಅಷ್ಟು ಹೆಜ್ಜೆ. ನಾಲ್ಕೂ ಬಿಳಿಯಾದರೆ ನಾಲ್ಕು, ಅದು ಚೌಕ. ನಾಲ್ಕೂ ಕಪ್ಪಾದರೆ ಎಂಟು, ಅದು ಬಾರ. ಇವೆರಡಕ್ಕೂ ಗರವೆಂದು ಹೆಸರು. ಗರ ಬಿದ್ದವರು ಮತ್ತೊಮ್ಮೆ ಬೀಜ ಎಸೆಯಬಹುದು. ಗೀಟು ಹಾಕಿದ ಮನೆ ಕಟ್ಟೆ. ಕಟ್ಟೆಯ ಮೇಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಬಯಲಲ್ಲಿ ಸಿಕ್ಕಿದ ಕಾಯಿಯನ್ನು ಕಡಿಯಬಹುದು. ಕಡಿಸಿಕೊಂಡ ಕಾಯಿ ಮೊದಲಿನಿಂದ ಹೊರಡಬೇಕು. ಹೊರಸುತ್ತು, ಒಳಸುತ್ತು ಮುಗಿಸಿ ಸರಿಯಾದ ಲೆಕ್ಕದಲ್ಲಿ ನಡುಮನೆ ಸೇರಿದ ಕಾಯಿ ಹಣ್ಣು. ತನ್ನ ನಾಲ್ಕು ಕಾಯಿಗಳನ್ನೂ ಮೊದಲು ಹಣ್ಣು ಮಾಡಿದವರಿಗೆ ಗೆಲುವು.

ಮುಳ್ಳುಹಂದಿ ಬರುವಾಗ ಒಂದು ತುಂಡು ಬಳಪದ ಕಲ್ಲು ತಂದಿತ್ತು.

"ಇದ್ಯಾಕೆ ಮಗಳೇ?" ಎಂದಿತು ಪುನುಗುಬೆಕ್ಕು.

"ನನಗೆ ಮರೆವು ಜಾಸ್ತಿ ಆಗಿದೆ, ಮಾವ. ನೀವು ಹೇಳೋ ನಿಯಮ ಒಂದೊಂದನ್ನೂ ಇಲ್ಲೇ ಪಟದ ಪಕ್ಕ ಬರೆದಿಡ್ತೀನಿ. ಆಗಬಹುದಲ್ಲ?"

ಪುನುಗುಬೆಕ್ಕು ಮೀಸೆ ತೀಡಿಕೊಂಡಿತು. ತನ್ನ ಮಾತು ಬಂಡೆಯ ಮೇಲೆ ಉಳಿಯುವ ವಿಚಾರ ಅದಕ್ಕೆ ಹಿಡಿಸಿತು.

"ಬರ್ಕೋ ಬರ್ಕೋ. ಅಕ್ಷರ ದುಂಡಾಗಿರಲಿ. ನಾಳೆ ನಿನ್ನ ಮರಿಗಳೂ ಓದ್ಕೊಳ್ಳಲಿ."

ಆಟ ಶುರುವಾಯಿತು.

ಮೊದಲ ಪೆಟ್ಟು ಬಿದ್ದದ್ದು ಚಿಪ್ಪುಹಂದಿಗೆ. ಅದು ಬೀಜ ಎಸೆಯಿತು, ಚೌಕ ಬಿತ್ತು. ಮತ್ತೆ ಎಸೆಯಿತು, ಬಾರ. ಮತ್ತೆ ಎಸೆಯಿತು, ಪುನಃ ಚೌಕ. ಒಟ್ಟು ಹದಿನಾರು ಹೆಜ್ಜೆ. ಚಿಪ್ಪುಹಂದಿ ಸಂತೋಷದಿಂದ ಕಾಯಿಯತ್ತ ಕೈ ನೀಡಿತು.

"ಕೈ ತೆಗಿ ತಮ್ಮ," ಎಂದಿತು ಪುನುಗುಬೆಕ್ಕು. "ಒಂದೇ ಸರದಿಯಲ್ಲಿ ಮೂರು ಗರ ಬಿದ್ದರೆ ಸುಟ್ಟ ಹಾಗೆ. ಮೂರೂ ಹೋಯ್ತು. ಬೀಜ ಈ ಕಡೆ ಕೊಡು."

"ಹೋದ ವರ್ಷ ನಿಮಗೂ ಮೂರು ಬಿದ್ದಿತ್ತಲ್ಲ ಮಾವ? ಮೂರನ್ನೂ ನಡೆಸಿದಿರಿ."

"ಹೋದ ವರ್ಷದ ಲೆಕ್ಕ ಈಗ್ಯಾಕೆ? ಒಂದೇ ಬಂಡೆಯವರು ನಾವು. ಒಂದು ಆಟಕ್ಕೆ ಇಷ್ಟೊಂದು ತಕರಾರಾ?"

ಚಿಪ್ಪುಹಂದಿಗೆ ತಕರಾರುಗಾರನೆನಿಸಿಕೊಳ್ಳುವ ಭಯ ಹೆಚ್ಚು. ಅದು ಸುರುಟಿಕೊಂಡು ಕುಳಿತಿತು. ಉಡ ಮೋಡದ ಕಡೆ ನೋಡಿತು. ಮುಳ್ಳುಹಂದಿ ಬಳಪದ ಕಲ್ಲು ತೆಗೆದುಕೊಂಡು ಬರೆಯಿತು: ಮೂರು ಗರ ಬಿದ್ದರೆ ಮೂರೂ ಸುಟ್ಟಂತೆ.

ಎರಡು ಜಾವ ಕಳೆಯಿತು. ಗಾಳಿಗೆ ಮಣ್ಣಿನ ವಾಸನೆ ಬಂದಿತು. ಬೆಟ್ಟದ ಆಚೆ ಎಲ್ಲಿಯೋ ಆಗಲೇ ಮಳೆ ಸುರಿಯುತ್ತಿತ್ತು. ಚಿಪ್ಪುಹಂದಿ ಮತ್ತು ಉಡ ಬಹಳ ಹಿಂದೆ ಬಿದ್ದಿದ್ದವು. ಪುನುಗುಬೆಕ್ಕಿನ ಎರಡು ಕಾಯಿ ಹಣ್ಣಾಗಿದ್ದವು. ಮುಳ್ಳುಹಂದಿಯ ಎರಡು ಕಾಯಿಯೂ ಹಣ್ಣಾಗಿದ್ದವು. ಅದರ ಮೂರನೆಯ ಕಾಯಿ ನಡುಮನೆಗೆ ಎರಡೇ ಹೆಜ್ಜೆ ದೂರದಲ್ಲಿತ್ತು. ನಾಲ್ಕನೆಯದು ಹೊರಸುತ್ತಿನ ಕೊನೆಯ ಕಟ್ಟೆಯ ಮೇಲೆ ಕ್ಷೇಮವಾಗಿ ಕುಳಿತಿತ್ತು.

ಮುಳ್ಳುಹಂದಿ ಬೀಜ ಎಸೆಯಿತು. ಮೂರು ಬಿತ್ತು.

ಮೂರನೆಯ ಕಾಯಿಗೆ ಬೇಕಾದದ್ದು ಎರಡು. ಅದು ಮೂರು ನಡೆಯಲಾರದು. ನಾಲ್ಕನೆಯದು ನಡೆದರೆ ಕಟ್ಟೆ ಬಿಟ್ಟು ಬಯಲಿಗೆ ಬೀಳುತ್ತಿತ್ತು. ಪುನುಗುಬೆಕ್ಕಿನ ಕಾಯಿ ಹಿಂದೆಯೇ ಕಾದಿತ್ತು.

"ನಾನು ಈ ಮೂರನ್ನು ಬಿಡ್ತೀನಿ," ಎಂದಿತು ಮುಳ್ಳುಹಂದಿ. ಬೇಡದ ಲೆಕ್ಕ ಬಿಡುವುದು ಹಿಂದಿನಿಂದ ನಡೆದುಬಂದದ್ದು. ಆ ದಿನ ಬೆಳಿಗ್ಗೆ ಪುನುಗುಬೆಕ್ಕು ತಾನೇ ಎರಡು ಬಾರಿ ಬಿಟ್ಟಿತ್ತು.

"ಬಿಡೋಕೆ ಬರೋಲ್ಲ ಮಗಳೇ. ನಡೆಯೋ ಕಾಯಿ ಒಂದಾದರೂ ಇದ್ದರೆ ಬಿದ್ದ ಲೆಕ್ಕ ಆಡಲೇಬೇಕು."

"ಇದು ಯಾವಾಗಿನಿಂದ, ಮಾವ?"

"ನಮ್ಮಜ್ಜನ ಕಾಲದಿಂದ. ನಿನಗೆ ಗೊತ್ತಿಲ್ಲ ಅಂದರೆ ನಿಯಮ ಇಲ್ಲ ಅಂತಲ್ಲ." ಪುನುಗುಬೆಕ್ಕು ನಕ್ಕಿತು. "ಬರ್ಕೋತೀಯಲ್ಲ, ಬರ್ಕೋ."

ಮುಳ್ಳುಹಂದಿ ಉಡದ ಕಡೆ ನೋಡಿತು. ಉಡ ನಾಲಗೆ ಹೊರಚಾಚಿ ಒಳಗೆ ಎಳೆದುಕೊಂಡಿತು. ಮುಳ್ಳುಹಂದಿ ಬರೆಯಿತು: ನಡೆಯುವ ಕಾಯಿ ಇದ್ದರೆ ಬಿದ್ದ ಲೆಕ್ಕ ಆಡಲೇಬೇಕು. ಬರೆದು ತನ್ನ ಕಾಯಿಯನ್ನು ಮೂರು ಮನೆ ಸರಿಸಿತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅದು ಒಳಸುತ್ತು ಸೇರುತ್ತಿತ್ತು.

ಪುನುಗುಬೆಕ್ಕು ಬೀಜ ಎಸೆಯಿತು. ಮುಳ್ಳುಹಂದಿಯ ಕಾಯಿ ಕಡಿದುಹೋಯಿತು.

"ಬೇಜಾರು ಮಾಡ್ಕೋಬೇಡ. ಆಟ ಅಂದಮೇಲೆ ಸೋಲು ಗೆಲುವು ಇದ್ದದ್ದೇ."

ಹಿಂದಿನ ವರ್ಷ ಸತ್ತ ಮರಿಯನ್ನು ಬಿಲದಿಂದ ಹೊರತಂದ ದಿನವೂ ಪುನುಗುಬೆಕ್ಕು ಇದೇ ಮಾತು ಹೇಳಿತ್ತು. ಮುಳ್ಳುಹಂದಿಯ ಬೆನ್ನಿನ ಮುಳ್ಳುಗಳು ಒಮ್ಮೆ ನಿಮಿರಿದವು. ನಂತರ ಮಲಗಿದವು. ಅದು ಕಾಯಿಯನ್ನು ಮೊದಲ ಮನೆಯಲ್ಲಿಟ್ಟು ತನ್ನ ಸರದಿಗಾಗಿ ಕಾದಿತು.

ಮತ್ತಷ್ಟು ಸರದಿಗಳು ಉರುಳಿದವು. ಪುನುಗುಬೆಕ್ಕಿನ ಮೂರನೆಯ ಕಾಯಿ ನಡುಮನೆಯ ಹೊಸ್ತಿಲಿಗೆ ಬಂದು ನಿಂತಿತು. ಒಂದು ಬಿದ್ದರೆ ಹಣ್ಣು. ಅದರ ನಾಲ್ಕನೆಯ ಕಾಯಿ ಕೊನೆಯ ಕಟ್ಟೆ ತಲುಪಿತ್ತು. ಮುಳ್ಳುಹಂದಿಯ ಕಡಿಸಿಕೊಂಡ ಕಾಯಿಯೂ ನಾಲ್ಕು ಮನೆ ನಡೆದು ಅದೇ ಕಟ್ಟೆಗೆ ಬಂದು ಕುಳಿತಿತು. ಒಂದೇ ಕಟ್ಟೆಯ ಮೇಲೆ ಎರಡು ಕಾಯಿಗಳು ಒತ್ತಿಕೊಂಡಿದ್ದವು. ಪುನುಗುಬೆಕ್ಕು ಅಲ್ಲಿಂದ ಒಳಸುತ್ತಿಗೆ ಹೊರಳುವುದಿತ್ತು. ಎದುರು ಬದಿಯಿಂದ ಹೊರಟ ಮುಳ್ಳುಹಂದಿಗೆ ಇನ್ನೂ ಹೊರಸುತ್ತಿನ ಮುಕ್ಕಾಲು ಭಾಗ ಉಳಿದಿತ್ತು.

ಮೊದಲ ಹನಿ ಪಟದ ಮೇಲೆ ಬಿತ್ತು.

ಪುನುಗುಬೆಕ್ಕು ಬೀಜಗಳನ್ನು ಅಂಗೈಯಲ್ಲಿ ಉಜ್ಜಿ ಎಸೆಯಿತು. ಎರಡು ಬಿತ್ತು.

ಹೊಸ್ತಿಲಲ್ಲಿದ್ದ ಕಾಯಿಗೆ ಬೇಕಾದದ್ದು ಒಂದು. ಅದು ಎರಡು ನಡೆಯಲಾರದು. ನಡೆಯಬಲ್ಲ ಕಾಯಿ ಒಂದೇ. ಅದು ಕಟ್ಟೆಯ ಮೇಲಿತ್ತು.

"ಬಿಟ್ಟೆ," ಎಂದಿತು ಪುನುಗುಬೆಕ್ಕು, ಬೀಜಗಳನ್ನು ಮುಂದೆ ತಳ್ಳುತ್ತ. "ನಿನ್ನ ಸರದಿ ಮಗಳೇ."

ಮುಳ್ಳುಹಂದಿ ಬೀಜ ಮುಟ್ಟಲಿಲ್ಲ. ಬಂಡೆಯ ಮೇಲಿನ ಎರಡನೆಯ ಸಾಲಿನ ಮೇಲೆ ಪಾದವಿಟ್ಟಿತು.

"ಓ, ಅದಾ? ಅದು ಕಿರಿಯರಿಗೆ ಆಟ ಕಲಿಸೋಕೆ ಹೇಳಿದ್ದು."

"ಇಲ್ಲಿ ಹಾಗಂತ ಬರೆದಿಲ್ಲ, ಮಾವ."

"ನಾನು ಹೇಳಿದ ನಿಯಮ ತಾನೇ? ನಾನೇ ತೆಗೆದೆ. ಅಳಿಸು."

ಮುಳ್ಳುಹಂದಿ ಸಾಲಿನ ಮೇಲಿಂದ ಪಾದ ತೆಗೆಯಲಿಲ್ಲ. ಪುನುಗುಬೆಕ್ಕು ಚಿಪ್ಪುಹಂದಿಯ ಕಡೆ ತಿರುಗಿತು. "ನೀನಾದರೂ ಹೇಳು ತಮ್ಮ. ಒಂದು ಆಟಕ್ಕೋಸ್ಕರ ಮಾವನನ್ನು ಹೀಗೆ ಕಟಕಟೆಗೆ ನಿಲ್ಲಿಸೋದಾ?"

ಚಿಪ್ಪುಹಂದಿ ಅರ್ಧ ಸುರುಟಿಕೊಂಡಿತು. ಮತ್ತೆ ಬಿಚ್ಚಿಕೊಂಡಿತು. "ನನ್ನ ಹದಿನಾರು ಸುಟ್ಟಾಗ ನೀವು ಅಳಿಸಲಿಲ್ಲ," ಎಂದಿತು. ದನಿ ಬಹಳ ಸಣ್ಣದಾಗಿತ್ತು. ಆದರೆ ಎಲ್ಲರಿಗೂ ಕೇಳಿಸಿತು.

ಪುನುಗುಬೆಕ್ಕು ಬಾಲವನ್ನು ಬಂಡೆಗೆ ಬಡಿಯಿತು. "ಅಜ್ಜ, ನೀವು ಹಿರಿಯರು. ಇವರಿಗೆ ಬುದ್ಧಿ ಹೇಳಿ."

ಮುದಿ ಉಡ ನಾಲ್ಕು ವರ್ಷಗಳ ಆಟದಲ್ಲಿ ಮೊದಲ ಬಾರಿಗೆ ಬಾಯಿ ತೆರೆಯಿತು.

"ಕಾಯಿ ನಡೆಸು."

"ಅಜ್ಜ..."

"ನಿನ್ನ ಬಾಯಲ್ಲಿ ಇರೋವರೆಗೆ ಅದು ನಿನ್ನ ಮಾತು. ಬಂಡೆ ಮೇಲೆ ಬಂದಮೇಲೆ ಅದು ನಾಲ್ವರದ್ದು. ಎರಡು ಮನೆ. ನಡೆಸು."

ಪುನುಗುಬೆಕ್ಕು ಸುತ್ತ ನೋಡಿತು. ಆರು ಕಣ್ಣುಗಳು ಅದನ್ನೇ ನೋಡುತ್ತಿದ್ದವು. ಅದು ಕಾಯಿಯನ್ನು ಎರಡು ಮನೆ ಸರಿಸಿತು. ಕಾಯಿ ಬಯಲಿಗೆ ಬಂದಿತು.

ಮುಳ್ಳುಹಂದಿ ಬೀಜ ಕೈಗೆತ್ತಿಕೊಂಡಿತು. ನಾಲ್ಕು ಬೀಜಗಳಲ್ಲಿ ಎರಡು ಬಿಳಿ, ಎರಡು ಕಪ್ಪು ಬೀಳುವುದೇ ಎಲ್ಲಕ್ಕಿಂತ ಸಾಮಾನ್ಯ. ಕೆಳಗಿನ ಬಿಲದಿಂದ ಮರಿಗಳ ಕೂಗು ಕೇಳುತ್ತಿತ್ತು. ಹನಿಗಳ ಸದ್ದಿಗೆ ಅವು ಎಚ್ಚರಗೊಂಡಿದ್ದವು. ಅದು ಎಸೆಯಿತು. ಒಂದು ಬಿಳಿ. ಒಂದು ಕಪ್ಪು. ಇನ್ನೊಂದು ಕಪ್ಪು. ನಾಲ್ಕನೆಯ ಬೀಜ ಅಂಚಿನ ಮೇಲೆ ಉರುಳಿ, ಸುತ್ತಿ, ಮಲಗಿತು. ಬಿಳಿ.

"ಎರಡು," ಎಂದು ಚಿಪ್ಪುಹಂದಿ ಉಸಿರುಬಿಟ್ಟಿತು. "ಅಕ್ಕ, ನಿನ್ನ ಮೂರನೆಯದು ಹಣ್ಣಾಗುತ್ತೆ. ಅದನ್ನೇ ನಡೆಸು."

"ಹೌದು ಹೌದು," ಎಂದಿತು ಪುನುಗುಬೆಕ್ಕು ಆತುರದಿಂದ. "ಕೈಗೆ ಬಂದ ಹಣ್ಣು ಬಿಡಬಾರದು ಮಗಳೇ."

ಮುಳ್ಳುಹಂದಿ ಒಂದು ಕ್ಷಣ ಪಟವನ್ನು ಲೆಕ್ಕ ಹಾಕಿತು. ಹಣ್ಣು ಕಾಯಬಲ್ಲದು. ಬಯಲಿಗೆ ಬಂದ ಕಾಯಿ ಮತ್ತೊಮ್ಮೆ ಬಾರದು. ಅದು ಕಟ್ಟೆಯ ಮೇಲಿನ ತನ್ನ ಕಾಯಿಯನ್ನು ಎರಡು ಮನೆ ಸರಿಸಿ, ಪುನುಗುಬೆಕ್ಕಿನ ಕಾಯಿಯನ್ನು ಎತ್ತಿ ಪಟದ ಹೊರಗಿಟ್ಟಿತು.

ಆಟ ಅಲ್ಲಿಗೇ ಮುಗಿಯಲಿಲ್ಲ. ಮಳೆ ಜೋರಾಗುವವರೆಗೂ ನಡೆಯಿತು. ಆದರೆ ಆ ಬಳಿಕ ಯಾರೂ ಹೊಸ ನಿಯಮ ಹೇಳಲಿಲ್ಲ. ನಿಯಮ ಹೇಳಲಾಗದ ಪುನುಗುಬೆಕ್ಕು ಉಳಿದವರಂತೆಯೇ ಒಬ್ಬ ಸಾಧಾರಣ ಆಟಗಾರ. ಮುಳ್ಳುಹಂದಿಯ ನಾಲ್ಕನೆಯ ಕಾಯಿ ಹಣ್ಣಾದಾಗ ಪುನುಗುಬೆಕ್ಕಿನ ಕಾಯಿ ಇನ್ನೂ ಹೊರಸುತ್ತಿನಲ್ಲಿತ್ತು. ಪುನುಗುಬೆಕ್ಕು ಎದ್ದು ಹೋಗಿ ಮರ ಹತ್ತಿತು. ಎಲೆಗಳಿಂದ ನೀರು ಅದರ ಬೆನ್ನಿನ ಮೇಲೆ ಸುರಿಯಿತು.

ಮುಳ್ಳುಹಂದಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ನೆತ್ತಿಯ ಬಿಲಕ್ಕೆ ಒಯ್ದಿತು. ಬಾಗಿಲಿನ ತುಂಬ ಬೈನೆ ಮರದ ಹಣ್ಣಿನ ರಾಶಿಯಿತ್ತು. ಮೂರು ವರ್ಷಗಳಿಂದ ಪುನುಗುಬೆಕ್ಕು ಕೂಡಿಟ್ಟ ಹಣ್ಣು, ಅರ್ಧ ಕೊಳೆತಿತ್ತು. ಚಿಪ್ಪುಹಂದಿ ಮತ್ತು ಉಡ ನೆರವಿಗೆ ಬಂದವು. ಮೂವರೂ ಸೇರಿ ಹಣ್ಣನ್ನು ಹೊರಗೆ ತಳ್ಳಿದರು. ಅದು ಇಳಿಜಾರಿನಲ್ಲಿ ಉರುಳಿ ಕಾಡುಹಂದಿಗಳ ಪಾಲಾಯಿತು.

ರಾಶಿ ಕರಗುತ್ತ ಹೋದಂತೆ ಬಿಲ ಬೆಳೆಯುತ್ತ ಹೋಯಿತು. ಅದು ಒಳಗೆ ಎಡಕ್ಕೂ ಬಲಕ್ಕೂ ಕವಲೊಡೆದಿತ್ತು. ಕೊನೆಯ ಹಣ್ಣು ಹೊರಬಿದ್ದಾಗ ಮೂವರೂ ಒಳಗೆಲ್ಲ ಕಣ್ಣು ಹಾಯಿಸಿದರು. ಅಲ್ಲಿ ನಾಲ್ಕು ಕುಟುಂಬಗಳು ಕಾಲು ಚಾಚಿ ಮಲಗುವಷ್ಟು ಜಾಗವಿತ್ತು.

"ಹಾಗಾದರೆ ನಾವು ಆಡಿದ್ದು ಯಾತಕ್ಕೆ?" ಎಂದು ಚಿಪ್ಪುಹಂದಿ ಕೇಳಿತು.

ಉಡ ತಲೆ ತಗ್ಗಿಸಿತು. "ನನಗೆ ಗೊತ್ತಿತ್ತು," ಎಂದಿತು.

ಮುಳ್ಳುಹಂದಿ ತಿರುಗಿ ನೋಡಿತು. "ಯಾವಾಗಿನಿಂದ ಅಜ್ಜ?"

"ಮೊದಲನೆ ವರ್ಷ ಒಂದು ಸಲ ಒಳಗೆ ಇಣುಕಿದ್ದೆ."

"ನನ್ನ ಮರಿ ಸಾಯೋದಕ್ಕೂ ಮೊದಲೇ."

"ಹೌದು. ಹೇಳಿದರೆ ಮನಸ್ತಾಪ ಆಗುತ್ತೆ ಅಂದುಕೊಂಡೆ, ತಾಯಿ."

ಹೊರಗೆ ಮಳೆ ಬಂಡೆಯನ್ನು ತೊಳೆಯುತ್ತಿತ್ತು. ಬುಡದ ಮೂರು ಬಿಲಗಳಿಗೆ ನೀರು ನುಗ್ಗುವ ಸದ್ದು ಮೇಲಿನವರೆಗೂ ಕೇಳುತ್ತಿತ್ತು. ಮುಳ್ಳುಹಂದಿ ಮರಿಗಳನ್ನು ಎಡಗಡೆಯ ಕವಲಿಗೆ ಸರಿಸಿತು. ಆಮೇಲೆ ಬಲಗಡೆಯ ಕವಲನ್ನು ಮೂತಿಯಿಂದ ತೋರಿಸಿತು.

"ಅಲ್ಲಿ ಮಲಗಿ. ನನ್ನ ಮರಿಗಳ ಹತ್ತಿರ ಬರಬೇಡಿ."

ನೀತಿ: ನಮ್ಮವರೆಂಬ ಸಲುಗೆಯಿಂದ ನಿಯಮವನ್ನು ಕೇಳದೆ ಬಿಟ್ಟವರು ವಂಚಕನನ್ನು ತಾವೇ ಬೆಳೆಸುತ್ತಾರೆ, ವಂಚನೆಯನ್ನು ಕಂಡೂ ಬಾಯಿ ತೆರೆಯದವರು ಅದರಲ್ಲಿ ಪಾಲುದಾರರು.

ನಿಮ್ಮ ಮನೆಯಲ್ಲಿ ಮುಂದಿನ ಸಲ ಪಟ ಹಾಸಿದಾಗ, ಬೀಜ ಎಸೆಯುವ ಮೊದಲು, ಸುತ್ತ ಕುಳಿತವರಿಗೆ ಈ ಕಥೆಯನ್ನು ಹೇಳಿ. ಕೇಳಿದವರು ತಮ್ಮ ಮನೆಯಲ್ಲಿ ಹೇಳುವಂತೆ ಒಪ್ಪಿಸಿ.