ನಡುವಿನ ಹತ್ತೊಂಬತ್ತು ಚಿತ್ರಗಳು

“ಗುರುಗಳೇ, ನಾನು ನಿರ್ದೇಶಕಿಯಾಗುವುದು ಯಾವ ದಿನ?” ಎಂದು ನಾಗವೇಣಿ ಕೇಳಿದಳು.

ಅನಿಮೇಶನ್ ಚಿತ್ರಶಾಲೆಯಲ್ಲಿ ಆರು ವರ್ಷಗಳಿಂದ ಅವಳದು ಒಂದೇ ಕೆಲಸ. ಆಕೃತಿಯ ಮೊದಲ ನಿಲುವನ್ನೂ ಕೊನೆಯ ನಿಲುವನ್ನೂ ಹಿರಿಯರು ಬರೆಯುವರು. ಒಂದರಿಂದ ಇನ್ನೊಂದಕ್ಕೆ ಸಾಗಿಸುವ ನಡುವಿನ ಚಿತ್ರಗಳನ್ನು ಅವಳು ಬರೆಯಬೇಕು. ಸಾಕಾಗಿಹೋಗಿತ್ತು. ಕೆಲಸ ಬಿಡುವ ಪತ್ರವನ್ನು ತಂದು, ತನಗೆ ಅಲ್ಲಿ ಕೆಲಸ ಕಲಿಸಿದ ಗುರುಗಳ ಮುಂದಿಟ್ಟಿದ್ದಳು.

ಗುರುಗಳು ಅದನ್ನು ತೆರೆಯಲಿಲ್ಲ. “ಇರಲಿ ತಾಯಿ, ಪತ್ರವೇನೂ ಓಡಿಹೋಗದು. ಕತೆಯೊಂದನ್ನು ಕೇಳು,” ಎಂದರು.

ಒಬ್ಬ ಚಿತ್ರಗಾರನಿದ್ದನು. ಹತ್ತು ವರ್ಷ ನಡುವಿನ ಚಿತ್ರಗಳನ್ನೇ ಬರೆದು ಬೇಸತ್ತಿದ್ದನು. ಕೊನೆಗೊಮ್ಮೆ ಅವನನ್ನು ನಿರ್ದೇಶಕನನ್ನಾಗಿ ಮಾಡಿದರು. ಕತೆಯೂ ಅವನದೇ: ಕರುವಿನ ಕೂಗು ಕೇಳಿ ಅಜ್ಜಿಯೊಬ್ಬಳು ಚಾಪೆಯಿಂದ ಏಳುತ್ತಾಳೆ. ಕುಳಿತ ಅಜ್ಜಿಯನ್ನೂ ನಿಂತ ಅಜ್ಜಿಯನ್ನೂ ಅವನು ಬಹು ಚೆಂದವಾಗಿ ಬರೆದನು. “ನಡುವೆ ಎರಡು ಸಾಕು. ಆ ಚಾಕರಿ ಇನ್ನು ನನಗೆ ಬೇಡ,” ಎಂದುಕೊಂಡನು.

ತೆರೆಯ ಮೇಲೆ ಅಜ್ಜಿ ಕಪ್ಪೆಯಂತೆ ಜಿಗಿದಳು. ನೆರೆದವರು ಹೊಟ್ಟೆ ಹಿಡಿದು ನಕ್ಕರು. ಚಿತ್ರಶಾಲೆಯ ಒಡೆಯನು, “ಭಲೇ ಸ್ವಾಮಿ, ನಿಮ್ಮಜ್ಜಿಗೆ ಮಂಡಿಯೇ ಇಲ್ಲವಲ್ಲ! ವಾರದೊಳಗೆ ಸರಿಪಡಿಸಿ, ಇಲ್ಲವಾದರೆ ಚಿತ್ರವನ್ನು ಬೇರೆಯವರು ಮಾಡಲಿ,” ಎಂದನು.

ಚಿತ್ರಗಾರನು ತನ್ನ ಹಳೆಯ ಮೇಜಿಗೆ ಮರಳಿದನು. ತನ್ನನ್ನು ಸಾಕಿದ ಅಜ್ಜಿ ಹೇಗೆ ಏಳುತ್ತಿದ್ದಳೆಂದು ನೆನೆದನು. ಅಂಗೈಯನ್ನು ಮೊಣಕಾಲಿಗೆ ಊರಿದ್ದು ಒಂದು ಚಿತ್ರ. ಬೆನ್ನು ಒಪ್ಪದೆ ಅರೆಗಳಿಗೆ ತಡೆದದ್ದು ಇನ್ನೊಂದು. ಜಾರುವ ಸೆರಗನ್ನು ಹಿಡಿದುಕೊಂಡದ್ದು ಮತ್ತೊಂದು. ಹೀಗೆ ಹತ್ತೊಂಬತ್ತನ್ನು ಬರೆದನು. ಹತ್ತು ವರ್ಷ ಪಳಗಿದ ಕೈ, ಎಲ್ಲಿಯೂ ತಡವರಿಸಲಿಲ್ಲ.

ಮತ್ತೆ ತೋರಿಸಿದಾಗ ಯಾರೂ ನಗಲಿಲ್ಲ. ಕಸ ಗುಡಿಸಲು ಬಂದಿದ್ದ ಮುದುಕಿಯೊಬ್ಬಳು ಪೊರಕೆಯನ್ನು ಊರಿ ನಿಂತು, ತೆರೆಯ ಮೇಲಿನ ಅಜ್ಜಿಗೆ, “ನಿಧಾನ ಕಣವ್ವಾ, ನಿಧಾನ,” ಎಂದಳು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅವನು ನಿಜವಾಗಿ ನಿರ್ದೇಶಕನಾದದ್ದು ಆ ದಿನವೇ?” ಎಂದಳು ನಾಗವೇಣಿ.

ಗುರುಗಳು ಪತ್ರವನ್ನು ಮೆಲ್ಲನೆ ಅವಳ ಕಡೆಗೆ ಸರಿಸಿ, “ಆ ಹತ್ತೊಂಬತ್ತರಲ್ಲಿ ಅಜ್ಜಿ ಎದ್ದದ್ದು ಎಷ್ಟನೆಯ ಚಿತ್ರದಲ್ಲಿ, ತಾಯಿ?” ಎಂದರು.

ನಾಗವೇಣಿ ಬೆರಳು ಮಡಿಸಿ ಎಣಿಸತೊಡಗಿದವಳು ನಡುವೆಯೇ ಬೆರಳು ಬಿಡಿಸಿ, ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಳು.