ಹಿಟ್ಟು ಬೀಳದ ಕೋಣೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತೀರಿಕೊಂಡವರಿಗೆ ಮನಸ್ಸಿನಲ್ಲಿ ಎಷ್ಟು ಜಾಗ ಕೊಡಬೇಕು? ಅಪ್ಪ ಹೋಗಿ ವರ್ಷವಾಯಿತು. ಕಣ್ಣು ಮುಚ್ಚಿ ಕುಳಿತರೆ ಅವರೇ ಬರುತ್ತಾರೆ. ಇಟ್ಟುಕೊಂಡರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಕಳಿಸಿಕೊಡೋಣವೆಂದರೆ ಮನಸ್ಸು ಬರುವುದಿಲ್ಲ."

ಗುರುಗಳು ಒಂದು ಕತೆ ಹೇಳತೊಡಗಿದರು.

ಹೊಳೆದಂಡೆಯ ಒಂದು ಊರಿನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಕೆಳಗೆ ಗಿರಣಿ, ಮೇಲೆ ಮನೆ. ಬೆಳಗಾದರೆ ಹೆಂಗಸರು ಜೋಳ, ರಾಗಿ, ಗೋಧಿಯ ಡಬ್ಬಿಗಳನ್ನು ಸಾಲಾಗಿ ಇಟ್ಟು ಮಾತಿಗೆ ಕೂರುತ್ತಿದ್ದರು. ಹಿಟ್ಟು ಬಿಸಿಬಿಸಿಯಾಗಿ ಡಬ್ಬಿಗೆ ಬೀಳುತ್ತಿತ್ತು. ಅದರ ಧೂಳು ಮೆಟ್ಟಿಲು ಹತ್ತಿ ಮೇಲಕ್ಕೆ ಬರುತ್ತಿತ್ತು. ಹಾಸಿಗೆಯ ಮೇಲೆ ಹಿಟ್ಟು, ದೇವರ ಪಟದ ಮೇಲೆ ಹಿಟ್ಟು, ಗಿರಣಿಯವನ ರೆಪ್ಪೆಯ ಮೇಲೂ ಹಿಟ್ಟು.

ಅವನ ಹೆಂಡತಿ ಕೊಟ್ರಮ್ಮ. ಮನೆ ಕಟ್ಟುವಾಗ ಅವಳು ಕೇಳಿದ್ದು ಇಷ್ಟೇ: "ಬಟ್ಟೆಗೆ ಅಂತ ಒಂದು ಕೋಣೆ ಬೇಕು. ಅದಕ್ಕೆ ಕಿಟಕಿ ಬೇಡ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಹಿಟ್ಟು ಹೊರಗೇ ನಿಲ್ಲಬೇಕು."

ಗಿರಣಿಯವನು ಕಟ್ಟಿಸಿದ. ಗೋಡೆಗೆ ಗೂಟ ಹೊಡೆಸಿದ, ಅಡ್ಡಕ್ಕೆ ಹಗ್ಗ ಕಟ್ಟಿದ. ಬೀರು ಮಾಡಿಸುವಷ್ಟು ಕೈಯಲ್ಲಿ ಉಳಿಯಲಿಲ್ಲ. ಕೊಟ್ರಮ್ಮನಿಗೆ ಅದೇ ಸಾಕಾಗಿತ್ತು. ಸಂಜೆ ಗಿರಣಿ ನಿಂತ ಮೇಲೆ ಅವಳು ಆ ಕೋಣೆಗೆ ಹೋಗಿ ಸೀರೆ ಬದಲಿಸಿ ಬರುತ್ತಿದ್ದಳು. ಮನೆಯೆಲ್ಲ ಬಿಳಿ, ಅವಳೊಬ್ಬಳೇ ಬಣ್ಣ. ಗಿರಣಿಯವನು ಮೆಟ್ಟಿಲ ಮೇಲೆ ಕುಳಿತು, ಇವತ್ತು ಯಾವ ಬಣ್ಣವೆಂದು ಕಾಯುತ್ತಿದ್ದ.

ಕಾಮಾಲೆಯಾಗಿ ಕೊಟ್ರಮ್ಮ ತೀರಿಕೊಂಡಳು. ಮಕ್ಕಳಿರಲಿಲ್ಲ. ಅವಳ ಸೀರೆಗಳು ಗೂಟದ ಮೇಲೆ, ಹಗ್ಗದ ಮೇಲೆ ಇದ್ದ ಹಾಗೆಯೇ ಇದ್ದವು. ಗಿರಣಿಯವನು ಮಧ್ಯಾಹ್ನ ಕೈ ತೊಳೆದುಕೊಂಡು ಆ ಕೋಣೆಗೆ ಹೋಗುತ್ತಿದ್ದ. ಸ್ವಲ್ಪ ಹೊತ್ತು ನಿಂತು ಬಾಗಿಲು ಎಳೆದುಕೊಂಡು ಬರುತ್ತಿದ್ದ. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ಕೆಲವು ವರ್ಷ ಹೀಗೇ ಹೋಯಿತು. ಅಕ್ಕ ಭಾವ ಬಂದು ಕೂತು ಮಾತಾಡಿ ಅವನಿಗೆ ಇನ್ನೊಂದು ಮದುವೆ ಮಾಡಿಸಿದರು. ಬಂದವಳು ಸುವರ್ಣ. ಅವಳೂ ಗಂಡನನ್ನು ಕಳೆದುಕೊಂಡವಳೇ. ಒಂದು ಚೀಲ ಹಿಡಿದುಕೊಂಡು ಬಂದಳು.

ಗಿರಣಿಯವನು ಕೆಟ್ಟವನಲ್ಲ. ಊಟವಾಯಿತೇ ಎಂದು ಕೇಳುತ್ತಿದ್ದ. ನೀರಿನ ಕೊಡ ತಾನೇ ಹೊತ್ತು ತರುತ್ತಿದ್ದ. ಬಟ್ಟೆಯ ಕೋಣೆಯ ಮಾತು ಬಂದಾಗ ಮಾತ್ರ, "ಅದು ಹಾಗೇ ಇರಲಿ" ಎನ್ನುತ್ತಿದ್ದ. ಸುವರ್ಣ ಮತ್ತೆ ಕೇಳಲಿಲ್ಲ. ಅವಳ ಬಟ್ಟೆ ಮಂಚದ ಕೆಳಗೆ ಚೀಲದಲ್ಲಿಯೇ ಇತ್ತು. ಬೆಳಿಗ್ಗೆ ಸೀರೆ ತೆಗೆದು, ಕಿಟಕಿಯ ಹತ್ತಿರ ಕೊಡವಿ, ಆಮೇಲೆ ಉಡುತ್ತಿದ್ದಳು.

ಒಮ್ಮೆ ನೆಂಟರ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಸುವರ್ಣ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು. ಬಾಗಿ ಕೂಸಿಗೆ ಕುಂಕುಮ ಇಡುವಾಗ ನೆರಿಗೆಯಿಂದ ಹಿಟ್ಟು ಉದುರಿತು. ಯಾರೋ ಒಬ್ಬಳು, "ಗಿರಣಿಯವರ ಮನೆಯವರು ಅಂತ ಬೇರೆ ಹೇಳಬೇಕಾಗಿಲ್ಲ ನೋಡಿ" ಎಂದಳು. ಎಲ್ಲರೂ ನಕ್ಕರು. ಸುವರ್ಣಳೂ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಗಿರಣಿಯವನಿಗೆ ನಗು ಬರಲಿಲ್ಲ. ಮನೆಯಲ್ಲಿ ಹಿಟ್ಟು ಬೀಳದ ಕೋಣೆಯೊಂದಿದೆ ಎಂಬುದು ಅವನಿಗೆ ಗೊತ್ತಿತ್ತು. ಅದು ಸುವರ್ಣಳಿಗೂ ಗೊತ್ತಿತ್ತು.

ದಾರಿಯಲ್ಲಿ ಅವನು, "ಆ ಕೋಣೆಗೆ ಬೀರು ಹಾಕಿಸೋಣ. ನಿನ್ನದನ್ನೂ ಅಲ್ಲೇ ಇಡೋಣ" ಎಂದ.

ಬಡಗಿಯಿಂದ ತೇಗದ ಬೀರು ಮಾಡಿಸುವುದು ಅವನ ಕೈಗೆ ನಿಲುಕುವಂತಿರಲಿಲ್ಲ. ಪೇಟೆಯಲ್ಲಿ ಒಂದು ಹೊಸ ಅಂಗಡಿ ಬಂದಿತ್ತು. ಅಲ್ಲಿ ಬೀರುವನ್ನು ಬರೀ ಹಲಗೆಗಳಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಕೊಡುತ್ತಿದ್ದರು. ಮನೆಗೆ ತಂದು ನಾವೇ ಸ್ಕ್ರೂ ತಿರುಗಿಸಿ ಜೋಡಿಸಿಕೊಳ್ಳಬೇಕು. ಅಗ್ಗವಾಗಿ ಸಿಗುತ್ತಿತ್ತು. ಗಿರಣಿಯವನು ಎರಡು ಅಗಲದವು, ಒಂದು ಸಣ್ಣದು ತಂದ. ಅಗಲದ ಎರಡೂ ಕೊಟ್ರಮ್ಮನ ಸೀರೆಗಳಿಗೆ, ಸಣ್ಣದು ಸುವರ್ಣಳಿಗೆ. ಕೇಳಿ ಅವಳು, "ಆಗಲಿ" ಎಂದಳು.

ಕರೆಂಟಿಲ್ಲದ ದಿನ ನೋಡಿ ಕೆಲಸಕ್ಕೆ ಕೈ ಹಾಕಿದರು. ಕೆಳಗೆ ಗಿರಣಿ ಸುಮ್ಮನಿತ್ತು, ಹಿಟ್ಟಿನ ಭಯವಿಲ್ಲದೆ ಬೆಳಕಿಗೆ ಕೋಣೆಯ ಬಾಗಿಲು ತೆರೆದಿಡಬಹುದಿತ್ತು. ಮೊದಲು ಕೋಣೆ ಖಾಲಿ ಮಾಡಬೇಕಾಯಿತು. ಗಿರಣಿಯವನು ಗೂಟದಿಂದ ಒಂದೊಂದೇ ಸೀರೆ ತೆಗೆದುಕೊಟ್ಟ. ಸುವರ್ಣ ಇಸಿದುಕೊಂಡು ಮಡಿಸಿದಳು. ಹಸಿರು ಸೀರೆಯೊಂದು ಕೈಗೆ ಬಂದಾಗ ಅವಳು, "ಅಕ್ಕ ಇದನ್ನು ಯಾವಾಗ ಉಡುತ್ತಿದ್ದರು?" ಎಂದು ಕೇಳಿದಳು.

ಅಷ್ಟು ಕೇಳಿದ್ದೇ ಸಾಕಾಯಿತು. ಗಿರಣಿಯವನು ಹೇಳತೊಡಗಿದ. ಹಸಿರು ಸೀರೆ ಉಟ್ಟು ಹೊಳೆಯಾಚೆಗೆ ದೋಣಿಯಲ್ಲಿ ಹೋದದ್ದು, ನೀರು ಕಂಡು ಹೆದರಿ ಅವಳು ಅವನ ತೋಳು ಹಿಡಿದದ್ದು. ಹಳದಿ ಸೀರೆಯ ಅಂಚು ಮೊಳೆಗೆ ಸಿಕ್ಕಿ ಹರಿದು, ಇಡೀ ದಿನ ಅವಳು ಮಾತು ಬಿಟ್ಟದ್ದು. ಒಂದು ನೀಲಿ ಸೀರೆಯನ್ನು ಅವಳು ಒಮ್ಮೆಯೂ ಉಡದೆ ಹಾಗೇ ಇಟ್ಟಿದ್ದು. ಹೇಳುತ್ತ ಹೇಳುತ್ತ ಅವನ ದನಿ ಎಳೆಯದಾಯಿತು. ಸುವರ್ಣ ಎಲ್ಲವನ್ನೂ ಕೇಳಿದಳು. ಹರಿದ ಅಂಚನ್ನು ಬೆರಳಿನಿಂದ ಸವರಿ, ನೀಟಾಗಿ ಮಡಿಸಿಟ್ಟಳು.

ಆಮೇಲೆ ಹಲಗೆ ಬಿಚ್ಚಿದರು. ಮೊದಲ ಬೀರುವನ್ನು ನೆಲದ ಮೇಲೆ ಮಲಗಿಸಿಯೇ ಜೋಡಿಸಿದರು. ಎತ್ತಿ ನಿಲ್ಲಿಸಲು ಹೋದರೆ ಅದರ ಮೂಲೆ ಸೂರಿಗೆ ತಾಗಿತು. ನಿಂತರೆ ಹಿಡಿಸುವ ಬೀರು ಏಳುವಾಗ ಹಿಡಿಸಲಿಲ್ಲ. ಎಲ್ಲ ಬಿಚ್ಚಿದರು. ಹಲಗೆಗಳನ್ನು ನಿಲ್ಲಿಸಿಕೊಂಡೇ ಮತ್ತೆ ಜೋಡಿಸಿದರು. ಒಬ್ಬರು ಒತ್ತಿ ಹಿಡಿಯಬೇಕು, ಒಬ್ಬರು ಸ್ಕ್ರೂ ತಿರುಗಿಸಬೇಕು. ಒಬ್ಬರಿಂದಾಗುವ ಕೆಲಸವಾಗಿರಲಿಲ್ಲ. ಅಗಲದ ಎರಡೂ ನಿಂತವು.

ಸಣ್ಣದನ್ನು ನಿಲ್ಲಿಸುವಾಗ ಜಾಗ ಒಂದು ಬೆರಳಿನಷ್ಟು ಕಡಿಮೆ ಬಿತ್ತು. ಗಿರಣಿಯವನು ಹಾಗೆ ತಿರುಗಿಸಿದ, ಹೀಗೆ ತಳ್ಳಿದ. ಆಗಲಿಲ್ಲ. ಬೆವರು ಒರೆಸಿಕೊಂಡು, "ಇದನ್ನು ವಾಪಸ್ ಕೊಟ್ಟುಬಿಡೋಣ. ನಿನ್ನದು ಎಷ್ಟಿದೆ? ಅಗಲದ್ದರ ಕೆಳಗಿನ ಅರೆಯಲ್ಲಿ ಹಿಡಿಸುತ್ತದೆ" ಎಂದ.

ಸುವರ್ಣ ಕೈಯಲ್ಲಿದ್ದ ಸ್ಕ್ರೂಗಳನ್ನು ನೋಡುತ್ತ ನಿಂತಳು. ಮದುವೆಯಾಗಿ ಬಂದ ಮೇಲೆ ಅವಳು ಅವನ ಮಾತಿಗೆ ಎದುರಾಡಿದ್ದೇ ಇಲ್ಲ. ಆಗ ಹೇಳಿದಳು: "ನನ್ನದು ಹೆಚ್ಚಿಲ್ಲ, ನಿಜ. ಆದರೂ ಒಂದು ಬಾಗಿಲು ನನ್ನದು ಅಂತ ಇರಲಿ."

ದನಿ ಮೆಲ್ಲಗಿತ್ತು. ಆದರೆ ಅವಳು ಜಾಗ ಬಿಟ್ಟು ಕದಲಲಿಲ್ಲ. ಗಿರಣಿಯವನು ಅವಳ ಮುಖ ನೋಡಿದ. ಆಮೇಲೆ ಕೆಳಗೆ ಹೋಗಿ, ಗಿರಣಿಯ ಕಲ್ಲು ಸವೆದಾಗ ಕೊರೆಯುವ ಉಳಿಯನ್ನು ತಂದ. ಗೋಡೆಯ ಬುಡದುದ್ದಕ್ಕೂ ಸಿಮೆಂಟಿನ ಪಟ್ಟಿಯಿತ್ತು. ಅದನ್ನು ಒಡೆದು ತೆಗೆದ. ಬೆರಳಿನಷ್ಟು ಜಾಗ ಸಿಕ್ಕಿತು. ಸಣ್ಣ ಬೀರು ಗೋಡೆಗೆ ಒತ್ತಿಕೊಂಡು ನಿಂತಿತು.

ಕೊಟ್ರಮ್ಮನ ಸೀರೆಗಳನ್ನೆಲ್ಲ ಒಳಗಿಟ್ಟರು. ಆಮೇಲೆ ಸುವರ್ಣ ಮಂಚದ ಕೆಳಗಿನಿಂದ ತನ್ನ ಚೀಲ ಎಳೆದು ತಂದಳು. ನಾಲ್ಕಾರು ಸೀರೆ ಜೋಡಿಸಿದಳು. ಚೀಲದ ತಳದಿಂದ ಒಂದು ಪೊಟ್ಟಣ ತೆಗೆದಳು. ಹಳೆಯ ಪಂಚೆಯ ತುಂಡು, ಅದರೊಳಗೆ ಇನ್ನೊಂದು ಬಟ್ಟೆ, ಅದರೊಳಗೆ ಗಂಡಸರ ಒಂದು ಅಂಗಿ. ಕಂದುಬಣ್ಣದ, ಗೆರೆಗೆರೆಯ ಅಂಗಿ. ಅದರ ಮೇಲೆ ಒಂದು ಚಿಟಿಕೆ ಹಿಟ್ಟೂ ಇರಲಿಲ್ಲ. ಅದನ್ನು ಹ್ಯಾಂಗರಿಗೆ ಹಾಕಿ, ಕಾಲರು ಸರಿಮಾಡಿ, ತೂಗುಹಾಕಿದಳು.

ಗಿರಣಿಯವನು ನೋಡುತ್ತಿದ್ದ. ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

"ಇಷ್ಟು ದಿನ ಇದು ಚೀಲದಲ್ಲೇ ಇತ್ತೇ?" ಎಂದ.

"ಇನ್ನೆಲ್ಲಿ ಇಡಲಿ?" ಎಂದಳು ಸುವರ್ಣ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಗಿರಣಿಯವನು ಖಾಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕುಳಿತುಬಿಟ್ಟ. ಬೆಳಗಿನಿಂದ ಅವನು ಕೊಟ್ರಮ್ಮನ ಬಗ್ಗೆ ಹೇಳುತ್ತಲೇ ಇದ್ದ. ಇವಳು ಕೇಳುತ್ತಲೇ ಇದ್ದಳು. ಆ ಮನುಷ್ಯನ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ.

"ಅವರು ಏನು ಕೆಲಸ ಮಾಡುತ್ತಿದ್ದರು?" ಎಂದು ಕೇಳಿದ.

ಸುವರ್ಣ ಬೀರುವಿಗೆ ಒರಗಿ ನಿಂತಳು. ಎಲ್ಲಿಂದ ಶುರು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಕೇಳಿದವರು ಯಾರೂ ಇರಲಿಲ್ಲವಲ್ಲ. ಕೊನೆಗೆ ಹೇಳಿದಳು. ಹೆಸರು ತಿಪ್ಪೇಶಿ. ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ. ಸಂಜೆ ಅಡುಗೆ ಮುಗಿಸಿ ಬುತ್ತಿ ಒಯ್ಯುವಷ್ಟರಲ್ಲಿ ಇಂಟರ್ವಲ್ ಆಗಿರುತ್ತಿತ್ತು. ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅವಳು ಉಳಿದರ್ಧ ನೋಡುತ್ತಿದ್ದಳು. ಯಾವ ಸಿನಿಮಾದ ಮೊದಲರ್ಧವನ್ನೂ ಅವಳು ನೋಡಿದ್ದಿಲ್ಲ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅವನು ಅದನ್ನು ಹೇಳುತ್ತಿದ್ದ. ಹೊಡೆದಾಟ ಬಂದರೆ ರಸ್ತೆಯಲ್ಲೇ ಕೈ ಬೀಸುತ್ತಿದ್ದ.

"ಸುಳ್ಳೂ ಸೇರಿಸುತ್ತಿದ್ದರು. ನನಗೆ ಗೊತ್ತಾಗುತ್ತಿತ್ತು. ನಾನು ಹೇಳುತ್ತಿರಲಿಲ್ಲ" ಎಂದಳು. ಹೇಳಿ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಗಿರಣಿಯವನು ಎದ್ದು ಅವಳ ಹತ್ತಿರ ಹೋಗಿ ನಿಂತ. ಆ ಕೋಣೆಯಲ್ಲಿ ಈಗ ಇಬ್ಬರು ನಿಲ್ಲುವಷ್ಟೇ ಜಾಗ ಉಳಿದಿತ್ತು. ಕರೆಂಟು ಬಂತು. ಕೆಳಗೆ ಯಾರೋ ಡಬ್ಬಿ ಬಡಿದು ಕರೆದರು. ಅವನು ಹೋಗಲಿಲ್ಲ. "ಸುಳ್ಳು ಅಂದರೆ ಎಂಥ ಸುಳ್ಳು? ಒಂದು ಹೇಳು" ಎಂದ.

ಗುರುಗಳು ಮಾತು ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಗುರುಗಳೇ, ಎಷ್ಟು ಜಾಗ ಕೊಡಬೇಕೆಂದು ನಾನು ತಿಳಿಯಬೇಕು?"

ಗುರುಗಳು ಹೇಳಿದರು: "ಅಪ್ಪನ ವಿಷಯ ಹೇಳಿಕೊಳ್ಳಲು ನಿನಗೆ ನಾನು ಸಿಕ್ಕೆ, ಮನೆಯಲ್ಲಿ ನಿನ್ನ ಅವ್ವನಿಗೆ ಯಾರು ಸಿಕ್ಕಿದ್ದಾರೆ?"